ಗೋಡೆ ಬರೆದವರು ಯಾರು

ಹುಬ್ಬಳ್ಳಿಯಿಂದ ಬಂದ ಬಿಳಿ ವ್ಯಾನು ಬೆಟಗೇರಿಯ ಓಣಿಯ ಬಾಯಿಗೆ ನಿಂತು ಹಾರ್ನ್ ಹೊಡೆದಾಗ ಮರ್ದಾನಸಾಬರು ಇನ್ನೂ ಅಂಗಿ ಬದಲಿಸುತ್ತಿದ್ದರು. ಮಗಳು ನೂರೀನ ಮುಂಜಾನೆ ಎದ್ದು ಇಸ್ತ್ರಿ ಮಾಡಿ ಗೂಟಕ್ಕೆ ಹಾಕಿದ್ದ ಬಿಳಿ ಅಂಗಿಯನ್ನು ತೊಟ್ಟು, ಕನ್ನಡಿಯಲ್ಲಿ ನೋಡಿಕೊಂಡು, ಕಳಚಿ ಎಸೆದು, ಕೆಂಪು ಹಸಿರು ನೀಲಿಯೆಲ್ಲ ಸಿಡಿದಿದ್ದ ಹಳೆಯ ಅಂಗಿಯನ್ನು ಹುಡುಕಿ ತೊಟ್ಟರು. ಅದರ ಎಡತೋಳಿನ ಮೇಲೆ ಬಣ್ಣ ಕಡಿಮೆಯಾಯಿತೆಂದು ಅನಿಸಿತೋ ಏನೋ, ಡಬ್ಬಿಯ ಮುಚ್ಚಳ ತೆಗೆದು ಬ್ರಶ್ಶಿನಿಂದ ಒಂದಿಷ್ಟು ಹಳದಿಯನ್ನೂ ಸಿಡಿಸಿಕೊಂಡರು. ದೊಡ್ಡ ಕಂಪನಿಯವರ ಮುಂದೆ ಕಲಾವಿದ ಕಲಾವಿದನಂತೆ ಕಾಣಬೇಕಂತೆ. ಬಾಗಿಲಲ್ಲಿ ನಿಂತು ನೋಡುತ್ತಿದ್ದ ನೂರೀನಳಿಗೆ ಹಣೆ ಚಚ್ಚಿಕೊಳ್ಳಬೇಕೆನಿಸಿತು. ತಾಯಿ ರಹಿಮತಬಿ ಮಾತ್ರ, ಇದರಲ್ಲಿ ಹೊಸದೇನಿದೆ ಎಂಬಂತೆ, ಗಂಡನಿಗೂ ಮಗಳಿಗೂ ಕುಡಿಯುವ ನೀರು ತುಂಬಿ ಕೊಟ್ಟಳು.

ಮರ್ದಾನಸಾಬರದು ಸಣ್ಣ ಹೆಸರಲ್ಲ. ಗದಗ, ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿಗಳ ನಡುವೆ ಬಸ್ಸಿನ ಕಿಟಕಿಯಿಂದ ಹೊರಗೆ ನೋಡಿದವರೆಲ್ಲ ಅವರ ಅಕ್ಷರ ಓದಿದವರೇ. ಮದುವೆಯ ಟ್ರಂಕುಗಳ ಮೇಲೆ ಗುಲಾಬಿ ಬರೆಯುವುದರಿಂದ ಶುರುವಾದ ಕಸುಬು ಚಕ್ಕಡಿಯ ಮಾಲೀಕರ ಹೆಸರು, ಟೂರಿಂಗ್ ಟಾಕೀಸಿನ ಪೋಸ್ಟರು ಎಂದು ಏರುತ್ತ ಹೋಗಿ, ಹಲ್ಲುಪುಡಿ, ಬೀಡಿ, ಹತ್ತಿಬೀಜದ ಕಂಪನಿಗಳ ಗೋಡೆಗಳವರೆಗೆ ಬಂದಿತ್ತು. ಮುಂಡರಗಿಯ ಪೇಂಟರುಗಳು ಅವರ ಹಾಗೆಯೇ ಅಕ್ಷರದ ಕೊಂಬು ಎಳೆಯುತ್ತಿದ್ದರು, ಲಕ್ಷ್ಮೇಶ್ವರದವರು ಅವರ ಹಾಗೆಯೇ ನೆರಳು ಕೊಡುತ್ತಿದ್ದರು. ಗದಗ ಹೊಸ ಜಿಲ್ಲೆಯಾದಾಗಂತೂ ಅವರಿಗೆ ಉಸಿರಾಡಲು ಪುರಸೊತ್ತಿರಲಿಲ್ಲ. ಕಂಡ ಕಂಡ ಬೋರ್ಡಿನ ಮೇಲೆ 'ಧಾರವಾಡ' ಅಳಿಸಿ 'ಗದಗ' ಮಾಡಬೇಕು. ನಾಲ್ಕಕ್ಷರ ಅಳಿಸಿದ ಜಾಗದಲ್ಲಿ ಮೂರು ಕೂರಿಸಿದರೆ ಕೊನೆಗೊಂದು ಜಾಗ ಬೋಳಾಗಿ ಉಳಿಯುತ್ತದೆ. ಮರ್ದಾನಸಾಬರು ಅಲ್ಲೊಂದು ಹೂ ಬರೆದರು. ನೋಡನೋಡುತ್ತ ಶಾಲೆ, ಸೊಸೈಟಿ, ಪಂಚಾಯತಿ, ದನದ ದವಾಖಾನೆ ಎಲ್ಲದರ ಮೇಲೂ ಗದಗಿನ ಪಕ್ಕಕ್ಕೆ ಹೂ ಅರಳಿತು. ಅದು ಸರಕಾರದ ಆದೇಶವೇ ಇರಬೇಕೆಂದು ಉಳಿದ ಪೇಂಟರುಗಳೂ ಹೂ ಬರೆದರು.

ಇನ್ನೊಂದು ಅವರದೇ ಪದ್ಧತಿ ಇತ್ತು. ಅವರು ಗೋಡೆಯನ್ನು ಬಲಗಡೆಯಿಂದ ಬರೆಯುತ್ತಿದ್ದರು. ಅಜ್ಜ ನಬಿಸಾಬರ ಹತ್ತಿರ ಮೊದಲು ಕಲಿತದ್ದು ಉರ್ದು ಬೋರ್ಡು. ಬಲ ಮೂಲೆಯಲ್ಲಿ ಏಣಿ ಆನಿಸಿದರೇನೇ ಅವರಿಗೆ ಕೈ ಓಡುತ್ತಿತ್ತು. ಕನ್ನಡಕ್ಕೆ ಬಂದ ಮೇಲೂ ಅದು ಬದಲಾಗಲಿಲ್ಲ. ಸಾಲಿನ ಕೊನೆಯ ಅಕ್ಷರ ಮೊದಲು, ಆಮೇಲೆ ಅದರ ಹಿಂದಿನದು, ಹೀಗೆ ಹಿಮ್ಮುಖವಾಗಿ ಬರುತ್ತ ಎಡಗಡೆಯ ಮೂಲೆ ಮುಟ್ಟುವುದರೊಳಗೆ ಜಾಗ ಮುಗಿದಿರುತ್ತಿತ್ತು. ಹೀಗಾಗಿ ಅವರ ಗೋಡೆಗಳ ಮೇಲೆ ಮಾತಿನ ಶುರು ಎಳ್ಳುಕಾಳಿನಷ್ಟು, ಕೊನೆ ಕುಂಬಳಕಾಯಿಯಷ್ಟು. ಇದನ್ನೂ ಜನ ಸ್ಟೈಲು ಎಂದರು.

ಆ ಮಾತುಗಳು ನೂರೀನಳವು.

ಅವಳು ಕಾಲೇಜಿನಲ್ಲಿದ್ದಾಗ ಒಂದು ಸಲ ಚಪ್ಪಲಿ ಅಂಗಡಿಯವನು 'ನಮ್ಮಲ್ಲಿ ಎಲ್ಲಾ ತರಹದ ಪಾದರಕ್ಷೆಗಳು ದೊರೆಯುತ್ತವೆ' ಎಂದು ಬರೆದುಕೊಟ್ಟಿದ್ದ ಚೀಟಿಯನ್ನು ಮರ್ದಾನಸಾಬರು ಕಳೆದುಕೊಂಡು, ಏನಾದರೂ ಹೇಳು ಎಂದು ಮಗಳನ್ನು ಕೇಳಿದ್ದರು. ಅವಳು ತಲೆ ಎತ್ತದೆಯೇ 'ಬರಿಗಾಲಲೆ ಬಂದವರು ನಕ್ಕೋತ ಹೋಗತಾರ' ಎಂದಿದ್ದಳು. ಅಂಗಡಿಯವನು ಬೈಯಲು ಬಂದು, ಓದಿ, ನಕ್ಕುಕೊಂಡೇ ಹೋದ. ಅಂದಿನಿಂದ ಇದೇ ನಡೆದಿತ್ತು. ನಾಲ್ಕು ಜನರ ಮುಂದೆ ಬಾಯಿ ಬಿಡಲಾರದ ನೂರೀನ, ಅಡಿಗೆಮನೆಯ ಹೊಸ್ತಿಲ ಮೇಲೆ ಕೂತು ಕ್ಯಾಲೆಂಡರಿನ ಹಾಳೆಯ ಹಿಂದೆ ಬರೆದು, ಹೊಡೆದುಹಾಕಿ, ಮತ್ತೆ ಬರೆಯುತ್ತಿದ್ದಳು. ತಂದೆಯ ಗೋಡೆಯಲ್ಲಿ ಶುರು ಕಾಣುವುದೇ ಇಲ್ಲವೆಂದು ಮಾತಿನ ಜೀವವನ್ನೆಲ್ಲ ಕೊನೆಗೆ ಇಡುವುದನ್ನು ಕಲಿತಳು. ಬಿ.ಎ. ಮುಗಿದರೂ ಇದು ಮುಗಿಯಲಿಲ್ಲ. ಗೋಡೆಯ ಕೆಳಗೆ ಮಾತ್ರ ಯಾವತ್ತೂ 'ಬರೆದವರು: ಮರ್ದಾನ' ಎಂದಿರುತ್ತಿತ್ತು.

ಈಗ ಬಂದಿರುವ ವ್ಯಾನಿನ ಹಿಂದೆ ಒಂದು ಫೋನಿನ ಕತೆ ಇತ್ತು. ಹುಬ್ಬಳ್ಳಿಯಲ್ಲಿ ಜಾಹೀರಾತು ಕಂಪನಿ ಇಟ್ಟಿರುವ ಹೊನ್ನೇಶ ಎಂಬವರು ಪಕ್ಕದ ಎಸ್.ಟಿ.ಡಿ. ಅಂಗಡಿಗೆ ಫೋನು ಮಾಡಿದಾಗ ಎತ್ತಿಕೊಂಡವಳು ನೂರೀನ. ಹೊಸ ಜಿಲ್ಲೆಯಾದದ್ದರಿಂದ ಗದಗಿನಲ್ಲಿ ಒಂದು ಶಾಖೆ ತೆರೆಯುತ್ತಾರಂತೆ, ಅದಕ್ಕೆ ಈ ಕಡೆಯ ಜನರ ಮಾತಿನಲ್ಲಿ ಬರೆಯುವವರೊಬ್ಬರು ಬೇಕಂತೆ. ಬಣ್ಣ ಹಚ್ಚುವವರು ತಮ್ಮ ಹತ್ತಿರ ಬೇಕಾದಷ್ಟು ಇದ್ದಾರೆ, ಬೇಕಾದದ್ದು ಬರೆಯುವವರು, ಎಂದು ಅವರು ಒತ್ತಿ ಹೇಳಿದ್ದರು. ನೂರೀನ ರಿಸೀವರನ್ನು ಇನ್ನೊಂದು ಕಿವಿಗೆ ಹಚ್ಚಿಕೊಂಡಳು. ಆ ಕೆಲಸ ತನ್ನದೇ. ತನ್ನದಲ್ಲದೆ ಇನ್ನಾರದು? ಅದು ಕೈ ತಪ್ಪಿದರೆ ಇನ್ನು ತನಗೆ ಉಳಿಯುವುದು ಟೈಪಿಂಗ್ ಕ್ಲಾಸು, ಇಲ್ಲವೇ ನೋಡಲು ಬರುವವರ ಮುಂದೆ ಚಹಾದ ತಾಟು. ಆದರೆ ಬಾಯಿಂದ ಹೊರಟದ್ದು ಅಬ್ಬಾಗೆ ಹೇಳುತ್ತೇನೆ ಎಂಬ ಮಾತಷ್ಟೇ.

ಮನೆಗೆ ಬಂದು ಅವಳು ಧೈರ್ಯ ಮಾಡಿ ಹೇಳಿದಳು.

"ಅಬ್ಬಾ, ಅವರಿಗೆ ಬರಿಯೋರು ಬೇಕಂತ."

"ಮತ್ತ ನಾ ಏನ್ ಮಾಡತೀನಿ? ಹುಟ್ಟಿದಾಗಿಂದ ಬರೀತೀನಲ್ಲ."

"ಹಂಗ ಬರಿಯೋದಲ್ಲ. ಬರಿಯೋದು."

"ಬರಿಯೋದರಾಗ ಎರಡು ಅದಾವೇನು?" ಎಂದು ಅವರು ಬ್ರಶ್ಶನ್ನು ಸೀಮೆಎಣ್ಣೆಯಲ್ಲಿ ಅದ್ದಿದರು.

ಎರಡು ಇದ್ದವು, ಅದೇ ತೊಂದರೆ. ಬೋರ್ಡು ಬರೆಯುವುದೂ ಬರೆಯುವುದೇ, ಹೂ ಬರೆಯುವುದೂ ಬರೆಯುವುದೇ, ಕ್ಯಾಲೆಂಡರಿನ ಹಿಂದೆ ಕೂತು ಮಾತು ಹುಡುಕುವುದೂ ಬರೆಯುವುದೇ. ಆ ಒಂದು ಶಬ್ದವನ್ನು ಸೀಳಿ ತಂದೆಗೆ ತೋರಿಸುವುದು ಹೇಗೆಂದು ನೂರೀನಳಿಗೆ ತಿಳಿಯಲಿಲ್ಲ. ತಿಳಿದಿದ್ದರೂ ಅವರು ಕೇಳುವವರಲ್ಲ.

ಹೊನ್ನೇಶರು ಫೋನು ಮಾಡಲು ಕಾರಣ ಶಿರಹಟ್ಟಿ ದಾರಿಯ ಪೊಲೀಸ್ ಚೌಕಿ. ಅದರ ಫೋಟೋ ಹುಬ್ಬಳ್ಳಿಯ ಪೇಪರಿನಲ್ಲಿ ಬಂದಿತ್ತು. ಅದನ್ನು ನೆನೆದರೆ ಸಾಕು, ನೂರೀನಳಿಗೆ ಮೈ ಉರಿಯುತ್ತಿತ್ತು. ಆದರೆ ಅದರ ಸರದಿ ಬರುವುದು ಆಮೇಲೆ. ಗೋಡೆಗಳನ್ನೆಲ್ಲ ಕಣ್ಣಾರೆ ನೋಡಿಯೇ ಮುಂದಿನ ಮಾತು ಎಂದಿದ್ದ ಹೊನ್ನೇಶರಿಗೆ ಮೊದಲು ಲಕ್ಷ್ಮೇಶ್ವರ, ಕೊನೆಗೆ ಮುಂಡರಗಿ.

ವ್ಯಾನಿನಲ್ಲಿ ಹೊನ್ನೇಶರು ಡ್ರೈವರನ ಪಕ್ಕ ಕೂತರು. ದುಂಡು ಮುಖ, ಕೊರಳಲ್ಲಿ ಕ್ಯಾಮೆರಾ, ಎರಡು ಮಾತಿಗೊಮ್ಮೆ ಭಾಳ ಛಲೋ ಎನ್ನುವ ಮನುಷ್ಯ. ಹಿಂದೆ ಮರ್ದಾನಸಾಬರು, ಅವರ ಹಿಂದೆ ನೀರಿನ ಬಾಟಲಿ ಹಿಡಿದ ನೂರೀನ. ಅವಳನ್ನು ಕರೆತಂದದ್ದು ಯಾಕೆಂದರೆ, ಮರ್ದಾನಸಾಬರಿಗೆ ಯಾವ ಊರಿನ ಯಾವ ಗೋಡೆಗೆ ಯಾವ ಬಣ್ಣ ಎಷ್ಟು ಹಿಡಿಯಿತೆಂಬುದು ನೆನಪಿರುತ್ತಿತ್ತು, ಅದರ ಮೇಲೆ ಏನು ಬರೆದಿದೆ ಎಂಬುದು ಮಾತ್ರ ನೆನಪಿರುತ್ತಿರಲಿಲ್ಲ. ಸಾಹೇಬರಿಗೆ ಆಕೆ ಯಾರೆಂದು ಹೇಳುವಾಗ ಅವರು, ಮಗಳು, ಜ್ವಾಪಾನ ಮಾಡಾಕ ಬಂದಾಳ ಎಂದರು. ತನ್ನನ್ನು ಜೋಪಾನ ಮಾಡಲೋ, ನೀರಿನ ಬಾಟಲಿಯನ್ನೋ, ಅದನ್ನು ಹೇಳಲಿಲ್ಲ.

ಮುಳಗುಂದ ದಾಟುವವರೆಗೂ ಮರ್ದಾನಸಾಬರು ಬಣ್ಣದ ಬಗ್ಗೆ ಮಾತಾಡಿದರು. ಸುಣ್ಣದ ಗೋಡೆ ಬಣ್ಣ ಕುಡಿಯುತ್ತದೆ, ಸಿಮೆಂಟಿನ ಗೋಡೆ ಉಗುಳುತ್ತದೆ, ಎರೆ ಮಣ್ಣಿನ ಊರಲ್ಲಿ ಬಿಳಿ ಬಣ್ಣ ಒಂದು ಗಾಳಿಗೆ ಕಂದಾಗುತ್ತದೆ. ಹೊನ್ನೇಶರು ನಡುನಡುವೆ, ಈ ಮಾತು ನಿಮಗೆ ಹೆಂಗ ಹೊಳೀತಾವು ಎಂದು ಕೇಳಿದರು. ಹೊಳಪು ಬರಬೇಕೆಂದರೆ ವಾರ್ನಿಶ್ ಹಚ್ಚಬೇಕು ಎಂದು ಮರ್ದಾನಸಾಬರು ಹೇಳಿದರು. ಹೊನ್ನೇಶರು ಅದನ್ನು ದೊಡ್ಡ ಕಲಾವಿದನ ಚಮತ್ಕಾರವೆಂದು ತಿಳಿದು ನಕ್ಕರು. ನೂರೀನ ಕಿಟಕಿಯ ಸರಳಿಗೆ ಹಣೆ ಆನಿಸಿದಳು.

ಲಕ್ಷ್ಮೇಶ್ವರದಲ್ಲಿ ಮಾಶಾಕನ ಗಾದಿ ಅಂಗಡಿ. ಮಾಶಾಕ ಅಂದರೆ ಹತ್ತಿ ಹಿಂಜಿ ಗಾದಿ ಹೊಲಿಯುವವನು, ಗಡ್ಡದಲ್ಲಿ ಸದಾ ಅರಳೆ. ಅವನ ಪಕ್ಕದ ಗೋಡೆಯ ಮೇಲೆ 'ಚಿಂತಿ ಇಲ್ಲೇ ಇಡ್ರಿ, ಗಾದಿ ಒಯ್ರಿ' ಎಂದಿತ್ತು. ಚಿಂತಿ ಸಣ್ಣದು, ಗಾದಿ ದೊಡ್ಡದು. ಹೊನ್ನೇಶರು ಫೋಟೋ ತೆಗೆದು, ಇದರಿಂದ ವ್ಯಾಪಾರ ಹೆಚ್ಚಾಯಿತೇ ಎಂದು ಕೇಳಿದರು.

ಮಾಶಾಕ ಗಡ್ಡ ಕೆರೆದುಕೊಂಡ. "ಜನಾ ಭಾಳ ಬರತಾರ್ರಿ ಸಾಹೇಬ್ರ. ಬಂದು ಚಿಂತಿ ಇಡತಾರ. ಸೊಸಿದು, ಮಗಂದು, ಎಮ್ಮಿದು. ಮಧ್ಯಾಹ್ನದ ಮಟಾ ಕುಂತು ಎಲ್ಲಾ ಇಟ್ಟು ಹೋಗತಾರ. ಗಾದಿ ಒಯ್ಯೋದೊಂದು ಮರೀತಾರ."

ಹೊನ್ನೇಶರು ಹೊಟ್ಟೆ ಹಿಡಿದುಕೊಂಡು ನಕ್ಕರು. ನಕ್ಕು ಮುಗಿಸಿ, ಇದನ್ನು ಬರೆದವರು ಯಾರು ಎಂದರು. ಮರ್ದಾನಸಾಬರು ಎದೆಯ ಮೇಲೆ ಕೈ ಇಟ್ಟು, ನಾನ ಬರದದ್ದು, ಬಿಸಲಾಗ ನಿಂತು, ಎಂದರು. ಅವರ ದನಿಯಲ್ಲಿ ಸುಳ್ಳಿನ ಗೆರೆಯೂ ಇರಲಿಲ್ಲ. ನೂರೀನಳ ನಾಲಿಗೆಯ ತುದಿಗೆ ಮಾತು ಬಂತು, ಬಂದು ಅಲ್ಲೇ ಕೂತಿತು. ಮಾಶಾಕನ ಅಂಗಡಿಯ ಮುಂದೆ ಅಷ್ಟೊತ್ತಿಗೆ ಜನ ಸೇರಿದ್ದರು. ಅಷ್ಟು ಕಣ್ಣುಗಳ ನಡುವೆ, ಅಬ್ಬಾ ಅಲ್ಲ, ನಾನು, ಎನ್ನುವುದು ಹೇಗೆ? ತಂದೆಯನ್ನು ಸುಳ್ಳುಗಾರನನ್ನಾಗಿ ಮಾಡದೆ ತನ್ನದನ್ನು ತನ್ನದೆನ್ನುವ ವಾಕ್ಯ ಒಂದಾದರೂ ಇದೆಯೇ ಎಂದು ಅವಳು ವ್ಯಾನಿನವರೆಗೂ ಹುಡುಕಿದಳು. ಗಾದಿಗೆ, ಚಪ್ಪಲಿಗೆ, ಗಡಿಯಾರ ರಿಪೇರಿಗೆಲ್ಲ ವಾಕ್ಯ ಸಿಗುತ್ತದೆ, ಇದಕ್ಕೊಂದಕ್ಕೆ ಇಲ್ಲ.

ಶಿರಹಟ್ಟಿ ದಾರಿಗೆ ವ್ಯಾನು ತಿರುಗಿತು.

ಚೌಕಿಯ ಕತೆ ಹೀಗಿತ್ತು. ಜಿಲ್ಲೆ ಬದಲಾದ ಮೇಲೆ ಚೌಕಿಯ ಬೋರ್ಡನ್ನು ತಿದ್ದಲು ಹವಾಲ್ದಾರ ಮೈಲಾರಪ್ಪ ಮರ್ದಾನಸಾಬರನ್ನು ಕರೆಸಿದ್ದ. ಚೌಕಿಯ ಬಲಕ್ಕೆ ಹತ್ತಿಕೊಂಡಂತೆ ಹುಚ್ಚಪ್ಪನ ಖಾನಾವಳಿ. ಖಾನಾವಳಿಗೆ ಒಂದು ಜಾಹೀರಾತು ಬೇಕಿತ್ತು, ಆದರೆ ಅವನದು ಬಿದಿರು ತಟ್ಟಿಯ ಗೋಡೆ. ಚೌಕಿಯ ಕಂಪೌಂಡು ಉದ್ದಕ್ಕೆ, ಸಪಾಟಾಗಿ, ರಸ್ತೆಗೆ ಮುಖ ಮಾಡಿ ನಿಂತಿತ್ತು. ಹುಚ್ಚಪ್ಪನ ರೊಟ್ಟಿ ತಿಂದವನೇ ಆದ ಮೈಲಾರಪ್ಪ, ಬರಕೋರಿ ಎಂದುಬಿಟ್ಟ. ಅದಕ್ಕಾಗಿ ನೂರೀನ ನಾಲ್ಕು ದಿನ ಹೊಸ್ತಿಲ ಮೇಲೆ ಕೂತು ಒಂದು ಸಾಲು ಮಾಡಿದ್ದಳು. ಅಷ್ಟು ಚಂದದ ಸಾಲು ಹಿಂದೆ ಬಂದಿರಲಿಲ್ಲ ಎಂದು ಅವಳಿಗೇ ಅನಿಸಿತ್ತು. ಮರ್ದಾನಸಾಬರು ಎಂದಿನಂತೆ ಬಲಗಡೆಯಿಂದ ಶುರು ಮಾಡಿ ಕೊನೆಯ ಎರಡು ಶಬ್ದ, 'ಒಳಗ ಬರ್ರಿ', ಎಮ್ಮೆಯಷ್ಟು ದೊಡ್ಡದಾಗಿ ಬರೆದರು. ಅಲ್ಲಿಗೆ ಕೆಂಪು ಬಣ್ಣ ತೀರಿತು. ಇದ್ದ ಕಪ್ಪಿನಿಂದ ಅದರ ನೆತ್ತಿಯ ಮೇಲಿನ ಬೋರ್ಡನ್ನು ತಿದ್ದಿದರು, ಹೂ ಅರಳಿಸಿದರು, ಸಂಜೆಯ ಬಸ್ಸು ಹಿಡಿದರು.

ಮರುದಿನ ಹಾದಿಹೋಕರೆಲ್ಲ ಓದಿದ್ದು: 'ಪೊಲೀಸ್ ಚೌಕಿ, ಗದಗ ಜಿಲ್ಲೆ. ಒಳಗ ಬರ್ರಿ'.

ಬಸ್ಸುಗಳು ನಿಂತು ನಿಂತು ಹೋದವು. ಒಳಗೆ ಹಾಕುತ್ತೇವೆ ಎನ್ನುತ್ತಿದ್ದವರು ಈಗ ಒಳಗೆ ಬರ್ರಿ ಎಂದು ಕರೆಯುತ್ತಿದ್ದಾರೆಂದು ಜನ ಬಿದ್ದು ಬಿದ್ದು ನಕ್ಕರು. ತಪಾಸಣೆಗೆ ಬಂದ ಮೇಲಿನ ಸಾಹೇಬರೊಬ್ಬರು ಮೈಲಾರಪ್ಪನ ಚರ್ಮ ಸುಲಿಯುತ್ತಾರೆ ಎಂದುಕೊಂಡರೆ, ಇದು ಬಹಳ ಒಳ್ಳೆಯದು, ಜನರಿಗೆ ಪೊಲೀಸರ ಭಯ ಹೋಗಬೇಕು, ಹೀಗೇ ಇರಲಿ ಎಂದುಬಿಟ್ಟರು. ಪೇಪರಿನವರು ಫೋಟೋ ಹಾಕಿದರು. ಉಳಿದ ಅಕ್ಷರ ಬರೆಯಲು ಮರ್ದಾನಸಾಬರು ಏಣಿ ತಂದರೆ ಮೈಲಾರಪ್ಪ ಲಾಠಿ ಅಡ್ಡ ಹಿಡಿದ. ಹೀಗೆ ನೂರೀನಳ ಅತ್ಯಂತ ಚಂದದ ಸಾಲು ಗೋಡೆ ಏರಲೇ ಇಲ್ಲ. ಅದರ ಬಾಲ ಮಾತ್ರ ಜಿಲ್ಲೆಯಲ್ಲೆಲ್ಲ ಹೆಸರಾಯಿತು.

ವ್ಯಾನು ನಿಲ್ಲುತ್ತಲೇ ಮೈಲಾರಪ್ಪ ಟೊಪ್ಪಿಗೆ ಸರಿಮಾಡಿಕೊಂಡು ಗೋಡೆಯ ಪಕ್ಕ ನಿಂತ, ತನ್ನದೇ ಮದುವೆಯ ಫೋಟೋ ಎಂಬಂತೆ. ಹೊನ್ನೇಶರು ಅತ್ತ ಇತ್ತ ಓಡಾಡಿ ಕ್ಯಾಮೆರಾ ಕ್ಲಿಕ್ಕಿಸಿದರು. ದೊಡ್ಡ ದೊಡ್ಡ ಕಂಪನಿಯವರು ಇಂಥ ಎರಡು ಶಬ್ದಕ್ಕಾಗಿ ತಿಂಗಳುಗಟ್ಟಲೆ ತಲೆ ಕೆಡಿಸಿಕೊಳ್ಳುತ್ತಾರೆ, ನಿಮಗೆ ಇದು ಹೇಗೆ ಸಿದ್ಧಿಸಿತು ಎಂದು ಕೇಳಿದರು. ನೂರೀನ ತಂದೆಯತ್ತ ತಿರುಗಿದಳು. ಬಣ್ಣ ತೀರಿತ್ತು ಎಂದು ಈಗಲಾದರೂ ಅಬ್ಬಾ ಹೇಳಿಯಾರು.

ಮರ್ದಾನಸಾಬರು ಕಣ್ಣು ಕಿರಿದು ಮಾಡಿ ಆಕಾಶ ನೋಡಿದರು. "ಬರಿಯೋದು ಎಲ್ಲಾರಿಗೂ ಬರತೈತ್ರಿ ಸಾಹೇಬ್ರ. ಎಲ್ಲಿ ನಿಲ್ಲಸಬೇಕು ಅನ್ನೋದು ಬರಬೇಕು."

ಹೊನ್ನೇಶರು ಭಾಳ ಛಲೋ, ಭಾಳ ಛಲೋ ಎಂದು ಅವರ ಕೈ ಹಿಡಿದು ಕುಲುಕಿದರು. ಗದಗಿನ ಶಾಖೆಯ ಮಾತನ್ನು ಊಟ ಮಾಡುತ್ತ ಮುಗಿಸಿಬಿಡೋಣ ಎಂದರು. ಮುಗಿಸಿಬಿಡೋಣವಂತೆ. ಅಬ್ಬಾ ನಾಳೆ ಗದಗಿನ ಆಫೀಸಿನಲ್ಲಿ ಕುರ್ಚಿಯ ಮೇಲೆ ಕೂರುತ್ತಾರೆ, ಹಾಳೆಯ ಬಲತುದಿಯಲ್ಲಿ ಪೆನ್ನು ಇಡುತ್ತಾರೆ, ಬರೆಯಲು ಮಾತು ಬೇಕಾದಾಗ ಅಡಿಗೆಮನೆಯ ಕಡೆ ಮುಖ ಮಾಡಿ ಕೂಗುತ್ತಾರೆ. ತಾನು ಹೊಸ್ತಿಲ ಮೇಲಿನಿಂದಲೇ ಇನ್ನು ಜೀವನವಿಡೀ ಕೂಗಿಗೆ ಓಗೊಡಬೇಕು.

ಹುಚ್ಚಪ್ಪನ ಖಾನಾವಳಿಯಲ್ಲಿ ರೊಟ್ಟಿ, ಬದನೆಯ ಎಣಗಾಯಿ, ಶೇಂಗಾ ಚಟ್ನಿ ಬಂತು. ಅದರ ಜೊತೆಗೆ ಹುಚ್ಚಪ್ಪನೂ ಬಂದ. ಬಡಿಸುವ ಕೈ ಬಡಿಸುತ್ತಿತ್ತು, ಬಾಯಿ ಬೈಯುತ್ತಿತ್ತು. ನನ್ನ ಜಾಹೀರಾತು ಪೊಲೀಸರ ಪಾಲಾಯಿತು, ಒಳಗೆ ಬರ್ರಿ ಎಂದು ಓದಿದವರು ಚೌಕಿಯ ಒಳಗೆ ಹೋಗಿ ತಕರಾರು ಹೇಳಿ ಮನೆಗೆ ಹೋಗುತ್ತಾರೆ, ನನ್ನ ರೊಟ್ಟಿ ಆರಿ ಹಪ್ಪಳವಾಗುತ್ತವೆ, ಎಂದು ಅವನು ಹೊನ್ನೇಶರ ಮುಂದೆ ಮರ್ದಾನಸಾಬರ ಮರ್ಯಾದೆ ಕಳೆದ.

"ಇವರ ಕತಿ ಕೇಳಬ್ಯಾಡ್ರಿ ಸಾಹೇಬ್ರ. ಅರ್ಧಾ ಬರದು ಓಡಿಹೋದ್ರು. ನನ್ನ ಇನ್ನರ್ಧಾ ಮಾತು ಎಲ್ಲೈತಿ ಕೇಳ್ರಿ."

ಹೊನ್ನೇಶರ ಕೈ ಚಟ್ನಿಯ ಮೇಲೆ ನಿಂತಿತು. "ಇನ್ನರ್ಧ ಇತ್ತೇನು? ಪೂರ್ತಿ ಏನಿತ್ತು ಮರ್ದಾನಸಾಬ್ರ?"

ಮರ್ದಾನಸಾಬರು ರೊಟ್ಟಿ ಮುರಿದರು. ಮುರಿದ ತುಂಡನ್ನು ಮತ್ತೆ ಮುರಿದರು. ಅವರಿಗೆ ನೆನಪಿರಲಿಲ್ಲ. ನೂರೀನ ಅದನ್ನು ಅವರ ಮುಖದಲ್ಲೇ ಓದಿದಳು. ಅವರು ಮಗಳ ಕಡೆ ನೋಡಲೂ ಇಲ್ಲ, ಏನು ದೊಡ್ಡ ಮಾತು ಎಂಬ ಗತ್ತಿನಲ್ಲಿ, "ಏನೈತಿ ಅದರಾಗ? ನಮ್ಮಲ್ಲಿ ಬಿಸಿ ಬಿಸಿ ರೊಟ್ಟಿ ಸಿಗತಾವ, ಒಳಗ ಬರ್ರಿ ಅಂತ," ಎಂದರು.

ನೂರೀನಳಿಗೆ ಏನಾಯಿತೋ. ಮುಂಜಾನೆಯಿಂದ ಹೆಸರು ಹೋಯಿತು, ಸುಮ್ಮನಿದ್ದಳು. ಕೆಲಸ ಹೋಗುತ್ತಿತ್ತು, ಸುಮ್ಮನಿದ್ದಳು. ಆದರೆ ನಾಲ್ಕು ದಿನ ಹೊಸ್ತಿಲ ಮೇಲೆ ಕೂತು ತೂಗಿ ತೂಗಿ ಇಟ್ಟ ಸಾಲನ್ನು ಹೀಗೆ ಬಸ್‌ಸ್ಟ್ಯಾಂಡಿನ ಸಪ್ಪೆ ಬೋರ್ಡು ಮಾಡಿದ್ದು ತಡೆಯಲಾಗಲಿಲ್ಲ.

"ಹಂಗಲ್ಲ ಅದು," ಎಂದಳು. ದನಿ ಒಡೆದು ಸ್ವಲ್ಪ ಜೋರಾಗಿಯೇ ಬಂತು. ಪಕ್ಕದ ಸಾಲಿನಲ್ಲಿ ಉಣ್ಣುತ್ತಿದ್ದ ಲಾರಿಯವರೂ ತಿರುಗಿ ನೋಡಿದರು. ಅವಳು ತಟ್ಟೆ ನೋಡುತ್ತ ಹೇಳಿದಳು. "ಅವ್ವನ ಕೈ ರೊಟ್ಟಿ ನೆನಪಾತಂದ್ರ, ಒಳಗ ಬರ್ರಿ."

ಲಾರಿಯವನೊಬ್ಬ ಬಾಯಿಗೆ ಒಯ್ದ ತುತ್ತನ್ನು ಹಾಗೇ ಹಿಡಿದ. ಹುಚ್ಚಪ್ಪ ಬುಟ್ಟಿಯನ್ನು ಕೆಳಗಿಟ್ಟು, ಇದು ನಂದು, ಇದು ನನಗ ಬೇಕು ಎಂದ.

ಹೊನ್ನೇಶರು ನೂರೀನಳನ್ನೂ ಮರ್ದಾನಸಾಬರನ್ನೂ ಬದಲಿ ಬದಲಿ ನೋಡಿದರು. "ಮರ್ದಾನಸಾಬ್ರ, ಇದನ್ನ ಬರದವರು ಯಾರು?"

"ನಾನ. ಇನ್ನೂ ಪೂರಾ ಬರದಿಲ್ಲ."

"ಬಣ್ಣದ ಮಾತಲ್ರಿ. ಈ ಮಾತು ಯಾರದು?"

"ಓ, ಮಾತೇನು?" ಮರ್ದಾನಸಾಬರು ಇಷ್ಟೇನಾ ಎಂಬಂತೆ ರೊಟ್ಟಿಯ ತುಂಡನ್ನು ಎಣಗಾಯಿಯಲ್ಲಿ ಅದ್ದಿದರು. "ಮಾತು ಅಕಿ ಹೇಳತಾಳ, ನಾ ಬರೀತೀನಿ. ಎಲ್ಲಾ ಗೋಡಿದೂ ಅಕಿದ. ಮಾತಿನಾಗೇನೈತ್ರಿ ಸಾಹೇಬ್ರ? ಮಾತು ಎಲ್ಲಾರೂ ಆಡತಾರ."

ನೂರೀನ ತಲೆ ಎತ್ತಿ ತಂದೆಯನ್ನು ನೋಡಿದಳು. ಅವರು ಬಚ್ಚಿಟ್ಟೇ ಇರಲಿಲ್ಲ. ಇಷ್ಟು ವರ್ಷ ಯಾರೂ ಸರಿಯಾದ ಶಬ್ದ ಹಾಕಿ ಕೇಳಿರಲಿಲ್ಲ, ಅಷ್ಟೇ. ಅವರ ಲೆಕ್ಕದಲ್ಲಿ ಮಾತು ಎಂದರೆ ಏಣಿ ಹಿಡಿದುಕೊಳ್ಳುವುದು, ಡಬ್ಬಿ ಎತ್ತಿಕೊಡುವುದು ಇದ್ದ ಹಾಗೆ. ಕದ್ದಿದ್ದರೆ ಜಗಳವಾಡಬಹುದಿತ್ತು. ಕಿಮ್ಮತ್ತೇ ಇಲ್ಲದ ವಸ್ತು ಎಂದು ಜೇಬಿಗೆ ಹಾಕಿಕೊಂಡವರ ಜೊತೆ ಏನು ಜಗಳ? ಅವಳಿಗೆ ಅಳು ಬಂತು, ಅದರ ಹಿಂದೆಯೇ ನಗು ಬಂತು, ಎರಡೂ ಸೇರಿ ಬಿಕ್ಕಳಿಕೆಯಾಗಿ ನೀರು ಕುಡಿಯಬೇಕಾಯಿತು.

ಹೊನ್ನೇಶರು ತಟ್ಟೆ ಸರಿಸಿ ಅವಳತ್ತ ತಿರುಗಿ ಕೂತರು. ಇನ್ನೀಗ ಭಾಳ ಛಲೋ ಎನ್ನುತ್ತಾರೆ ಎಂದುಕೊಂಡರೆ, ಅವರು ತಲೆ ಅಲ್ಲಾಡಿಸಿದರು.

"ಛಲೋ ಐತಿ ತಂಗಿ. ಆದ್ರ ಉದ್ದ ಆತು. ಒಳಗ ಬರ್ರಿ, ಎರಡ ಶಬ್ದ. ಅದರ ಮುಂದ ಇದು ನಿಲ್ಲೂದಿಲ್ಲ."

ಇಷ್ಟು ದಿನ ಒಳಗೇ ಬೇಯುತ್ತಿದ್ದದ್ದು ಈಗ ಉಕ್ಕಿತು. ಆ ಎರಡು ಶಬ್ದ ಯಾರೂ ಬರೆದದ್ದಲ್ಲ, ಕೆಂಪು ಬಣ್ಣ ತೀರಿದ್ದು, ಎಂದು ನೂರೀನ ಹೇಳಿದಳು. ಅಬ್ಬಾ ಬಲಗಡೆಯಿಂದ ಬರೆಯುವುದನ್ನೂ, ಸಂಜೆಯ ಬಸ್ಸನ್ನೂ ಹೇಳಿದಳು. ಚೌಕಿಯ ಮುಂದೆ ನಿಂತು ನಕ್ಕವರಲ್ಲಿ ಒಬ್ಬರಾದರೂ ರೊಟ್ಟಿ ತಿಂದು ಹೋದರೋ ಎಂದು ಹುಚ್ಚಪ್ಪನನ್ನು ಕೇಳಿ ಎಂದಳು. ಹುಚ್ಚಪ್ಪ ಒಬ್ಬನೂ ಇಲ್ಲ ಎಂದು ಎದೆ ಮುಟ್ಟಿ ಹೇಳಿದ. ಅಲ್ಲಿಗೂ ಅವಳ ಮಾತು ನಿಲ್ಲಲಿಲ್ಲ.

"ನಗಸೋದು ಬ್ಯಾರೆ, ಒಳಗ ಕರಿಯೋದು ಬ್ಯಾರೆ ಸರ್. ಊರು ಬಿಟ್ಟು ಬಂದವರು ಉಣ್ಣೋ ಜಾಗಾ ಇದು. ಅವ್ವಾ ಅನ್ನೋ ಶಬ್ದಾ ಕಡದ್ರ ಅದರಾಗ ಏನ್ ಉಳೀತೈತಿ? ಪೊಲೀಸ್ರು ಉಳೀತಾರ."

ಬಾಗಿಲಲ್ಲಿ ಎಲೆಅಡಿಕೆ ಹಾಕಿಕೊಳ್ಳುತ್ತಿದ್ದ ಮೈಲಾರಪ್ಪ ಕೆಮ್ಮಿದ. ಹೊನ್ನೇಶರು ಕೊರಳ ಕ್ಯಾಮೆರಾವನ್ನು ಮುಟ್ಟಿ ನೋಡಿಕೊಂಡರು. ಅದರಲ್ಲಿ ಒಂದು ರೀಲಿನ ತುಂಬ ಕೆಂಪು ಬಣ್ಣ ತೀರಿದ ಗೋಡೆ ಇತ್ತು. ಎಲ್ಲಿ ನಿಲ್ಲಿಸಬೇಕು ಅನ್ನೋದು ಬರಬೇಕು ಎಂದು ಹೇಳಿದ್ದಿರಲ್ಲ ಎಂದು ಮರ್ದಾನಸಾಬರನ್ನು ಕೇಳಿದರು. ಅದೂ ಖರೇನ ಐತಿ ಎಂದು ಮರ್ದಾನಸಾಬರು ಇನ್ನೊಂದು ರೊಟ್ಟಿ ಹಾಕಿಸಿಕೊಂಡರು.

ಊಟ ಮುಗಿಸಿ ಹೊನ್ನೇಶರು ಎದ್ದರು. ಕೈ ತೊಳೆದು ಬಂದು, ಮುಂಡರಗಿಗೆ ಹೋಗುವುದಿದೆಯಲ್ಲ, ಅಲ್ಲೊಂದು ಕೆಲಸ ಕೊಡುತ್ತೇನೆ, ಮಾಡಿದರೆ ಶಾಖೆಯ ಮಾತು ನಿನ್ನ ಜೊತೆ ಆಡುತ್ತೇನೆ, ಎಂದು ನೂರೀನಳಿಗೆ ಹೇಳಿದರು. ಹುಬ್ಬಳ್ಳಿಯ ಒಂದು ಕಂಪನಿ ಖಾರದ ಪುಡಿಯ ಪ್ಯಾಕೇಟು ಮಾಡಿದೆ. ಪ್ಯಾಕೇಟು ಚಂದ, ಪುಡಿ ಚಂದ, ಈ ಕಡೆಯ ಹೆಣ್ಣುಮಕ್ಕಳು ಮಾತ್ರ ಕೊಳ್ಳುವುದಿಲ್ಲ, ಗಿರಣಿಗೆ ಹೋಗಿ ಮೆಣಸಿನಕಾಯಿ ಕುಟ್ಟಿಸಿಕೊಂಡೇ ಬರುತ್ತಾರೆ. ಅವರಿಗೆ ಹೇಳುವ ಒಂದು ಸಾಲು ಬೇಕು.

ವ್ಯಾನು ಮುಂಡರಗಿ ಮುಟ್ಟುವವರೆಗೆ ಮರ್ದಾನಸಾಬರೇ ಸಾಲು ಹೇಳಿದರು. ಮಗಳನ್ನು ಈ ವಿದ್ಯೆಯಲ್ಲಿ ತಾವೇ ಹೇಗೆ ತಯಾರು ಮಾಡಿದರೆಂಬುದನ್ನೂ ಹೊನ್ನೇಶರಿಗೆ ವಿವರಿಸಿದರು. ಚೀಟಿ ಕಳೆದುಕೊಂಡದ್ದು ಸಹ ಬೇಕಂತಲೇ ಕಳೆದುಕೊಂಡದ್ದಾಗಿತ್ತಂತೆ. ಖಾರಾ ಬೇಕಂದ್ರ ಒಳಗ ಬರ್ರಿ. ಪ್ಯಾಕೇಟ್ ಹರೀರಿ, ಒಳಗ ಬರ್ರಿ. ನೂರೀನ ಕಣ್ಣು ಮುಚ್ಚಿ ಕೂತಳು. ಹೊನ್ನೇಶರು ಹಿಂದೆ ತಿರುಗಿ, ನಿನಗೇನಾದರೂ ಹೊಳೆಯಿತೇ ಎಂದು ಕೇಳಿದರು. ಇಲ್ಲ ಎಂದಳು. ಹೆಣ್ಣುಮಕ್ಕಳು ಯಾಕೆ ಕೊಳ್ಳುವುದಿಲ್ಲ ಎಂದು ತಿಳಿಯದೆ ಏನು ಹೇಳುವುದು, ಗಿರಣಿಯ ಮುಂದೆ ನಿಲ್ಲಿಸಿ ಎಂದಳು.

ಮುಂಡರಗಿಯ ಪೇಟೆಯ ಹಿಂದೆ ಕರೆವ್ವನ ಖಾರದ ಗಿರಣಿ. ದೂರದಿಂದಲೇ ಡ್ರೈವರನಿಗೆ ಸೀನು ಹತ್ತಿತು. ಬಾಗಿಲಲ್ಲಿ ಕೆಂಪು ಧೂಳು ಹೊಗೆಯಂತೆ ನಿಂತಿತ್ತು. ಸೆರಗು ಮೂಗಿಗೆ ಕಟ್ಟಿಕೊಂಡ ಹೆಂಗಸರು ಬುಟ್ಟಿ ಹಿಡಿದು ಬಾಗಿಲೊಳಗೆ ಸಾಲಾಗಿ ಕೂತಿದ್ದರು. ಮರ್ದಾನಸಾಬರು ಮೊದಲು ಇಳಿಯಲು ಕಾಲು ಹೊರಗಿಟ್ಟರು. ಬಣ್ಣದ ಅಂಗಿ ನೋಡಿ ಹೆಂಗಸರು ಆಗಲೇ ಕಿಸಕ್ಕನೆ ನಗಲು ಶುರು ಮಾಡಿದ್ದರು.

"ಅಬ್ಬಾ, ನೀವು ಗಾಡ್ಯಾಗ ಕುಂಡ್ರಿ," ಎಂದಳು ನೂರೀನ.

"ಯಾಕ? ನಾ ಮಾತಾಡಸತೀನಿ ತಡಿ, ನಿನಗ..."

"ನಾ ಮಾತಾಡಸತೀನಿ."

ಮರ್ದಾನಸಾಬರು ಹೊನ್ನೇಶರತ್ತ ನೋಡಿದರು. ಹೊನ್ನೇಶರು ಕನ್ನಡಕ ಒರೆಸುತ್ತಿದ್ದರು. ಹೊರಗಿಟ್ಟ ಕಾಲು ಮೆಲ್ಲಗೆ ಒಳಗೆ ಬಂತು. ನೂರೀನ ಓಢಣಿಯನ್ನು ಮೂಗಿನ ಮೇಲೆ ಎಳೆದುಕೊಂಡು ಇಳಿದಳು. ಗಿರಣಿಯ ಬಾಗಿಲಿಗೆ ಹೋಗುವುದರೊಳಗೆ ಕಣ್ಣಲ್ಲಿ ನೀರು ಸುರಿಯತೊಡಗಿತು. ಒಳಗೆ ಕರೆವ್ವ, ಮೈಯೆಲ್ಲ ಖಾರ ಬಡಿದುಕೊಂಡು ಕೆಂಪಗಾಗಿದ್ದ ಗಟ್ಟಿ ಹೆಂಗಸು, ಯಂತ್ರದ ಸದ್ದಿನ ಮೇಲೆ ದನಿ ಏರಿಸಿ, ಮೆಣಸಿನಕಾಯಿ ಎಲ್ಲಿ, ಬರಿಗೈಲೆ ಬಂದೀಯಲ್ಲವಾ ಎಂದು ಕೇಳಿದಳು.

ಹೊರಗೆ ವ್ಯಾನಿನ ಕಿಟಕಿಯಿಂದ ಮರ್ದಾನಸಾಬರು ಮಗಳಿಗೆ ಏನೋ ಕೂಗಿ ಹೇಳುತ್ತಿದ್ದರು. ಮತ್ತೊಂದು ಸಾಲು ಇರಬೇಕು. ನೂರೀನ ಕಾಲಿನಿಂದ ಗಿರಣಿಯ ಬಾಗಿಲನ್ನು ಹಿಂದಕ್ಕೆ ನೂಕಿ ಮುಚ್ಚಿದಳು. ಬುಟ್ಟಿಗಳ ನಡುವೆ ಜಾಗ ಮಾಡಿಕೊಂಡು ಹೆಂಗಸರ ಜೊತೆ ನೆಲಕ್ಕೆ ಕೂತಳು. ಒಂದು ಸೀನು ಸೀನಿ, ಇನ್ನೊಂದು ಬರುವುದರೊಳಗೆ ಕೇಳಿದಳು.

"ಪ್ಯಾಕೇಟಿನ ಖಾರಾ ಯಾಕ ಒಲ್ಲೆಂತೀರಿ? ಹೇಳ್ರಿ, ಬರೀಬೇಕಾಗೇತಿ."